ಮೂರನೇ ರಿಂಗಿಗೆ ಎತ್ತಿದ ಫೋನು

ಯಾರನ್ನಾದರೂ ನಂಬುವ ಮೊದಲು ಮೂರು ಸಲ ಯೋಚಿಸುವವರು ನಿಮ್ಮ ಬೀದಿಯಲ್ಲೂ ಒಬ್ಬರಿರಬಹುದು. ನಮ್ಮ ಬೀಗದಣ್ಣ ನಾಲ್ಕು ಸಲ ಯೋಚಿಸಿ, ಆಮೇಲೂ ನಂಬದ ಆಸಾಮಿ. ಬೀಗ ರಿಪೇರಿ ಮಾಡುವುದು, ಕಳೆದುಹೋದ ಕೀಲಿಗೆ ಬದಲಿ ಕೀಲಿ ಕಡಿದುಕೊಡುವುದು ಅವನ ಕಸುಬು. ಬೀಗ ಒಡೆಸಿಕೊಂಡವರ ಗೋಳನ್ನು ದಿನವೂ ಕೇಳಿ ಕೇಳಿ, ಲೋಕದಲ್ಲಿ ಕಳ್ಳರೇ ಹೆಚ್ಚು ಎಂದು ಅವನಿಗೆ ಖಾತ್ರಿಯಾಗಿಬಿಟ್ಟಿತ್ತು.

ಮನೆಯಲ್ಲಿ ಅವನದೊಂದು ಕಾನೂನು ನಡೆಯುತ್ತಿತ್ತು. ಅವನು ಫೋನ್ ಮಾಡಿದರೆ ಮೂರನೇ ರಿಂಗಿನೊಳಗೆ ಎತ್ತಬೇಕು. ಎತ್ತದಿದ್ದರೆ ಎಲ್ಲಿದ್ದೆ, ಯಾರ ಜೊತೆಗಿದ್ದೆ, ಎತ್ತಲು ಏನು ಅಡ್ಡಿ ಎಂದು ಮಲಗುವವರೆಗೂ ಪಂಚಾಯಿತಿ. ಹೆಂಡತಿ ನಕ್ಕು ಒಗ್ಗಿಹೋಗಿದ್ದಳು. ಇಪ್ಪತ್ತು ತುಂಬಿದ ಮಗಳು ಹೆದರಿ ಒಗ್ಗಿದ್ದಳು.

ಮಗಳಿಗೆ ಹೊಸದಾಗಿ ಡ್ರೈವಿಂಗ್ ಲೈಸೆನ್ಸ್ ಬಂದಿತ್ತು. ಆಸ್ಪತ್ರೆಗಳಿಗೆ ಔಷಧ ಸಾಗಿಸುವ ವ್ಯಾನ್ ಓಡಿಸಲು ಮುಂದಿನ ತಿಂಗಳಿಂದ ಬಾ ಎಂದು ಔಷಧದ ಗೋದಾಮಿನವರು ಹೇಳಿದ್ದರು. ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಸಾಕು, ಕೆಲಸ ಅವಳದು. ಅಷ್ಟರಲ್ಲಿ ದೊಡ್ಡಮ್ಮನ ಕಣ್ಣನ್ನು ಡಾಕ್ಟರಿಗೆ ತೋರಿಸಬೇಕಾಗಿ ಬಂದು, ಅವಳೇ ಕಾರು ಓಡಿಸಿಕೊಂಡು ಪಕ್ಕದ ರಾಜ್ಯದ ಆಸ್ಪತ್ರೆಗೆ ಹೋದಳು.

ಆ ಮಧ್ಯಾಹ್ನ ಬೀಗದಣ್ಣ ಎಂದಿನಂತೆ ಫೋನ್ ಮಾಡಿದ್ದ. ಮಗಳು ಎತ್ತಿದಳು. "ಎಲ್ಲಿದ್ದೀಯಾ?" ಎಂದು ಕೇಳುವಷ್ಟರಲ್ಲಿ ಆ ಕಡೆಯಿಂದ ಒಂದು ಗಂಡಸಿನ ದನಿ, ಪಕ್ಕದ ರಾಜ್ಯದ ರಾಗದಲ್ಲಿ: "ಮೊದ್ಲು ಅದನ್ನ ಕೆಳಗಿಡು." ಫೋನ್ ಕಟ್.

ಸಂಜೆ ಮಗಳು ಮನೆಗೆ ಬಂದಾಗ ಅವನು ನೇರವಾಗಿ ಕೇಳಲಿಲ್ಲ. ಅನುಮಾನದವರು ನೇರವಾಗಿ ಕೇಳುವುದೇ ಇಲ್ಲ. "ದಾರೀಲಿ ಯಾರಾದ್ರೂ ಸಿಕ್ಕಿದ್ರಾ?" ಎಂದ.

"ಇಲ್ಲಪ್ಪ."

"ಯಾರೋ ಮಾತಾಡಿದ ಹಾಗಿತ್ತು?"

"ರೇಡಿಯೋ ಇರ್ಬೇಕು."

ರೇಡಿಯೋ! ಅಂದಿನಿಂದ ಅವನ ತಲೆಯೊಳಗೆ ಹುಳ ಹೊಕ್ಕಿತು. ಕೀಲಿ ಮಾಡಿಸಲು ಬಂದ ಹುಡುಗರನ್ನೆಲ್ಲ ಬೇಕೆಂದೇ ಮಾತಿಗೆಳೆದು ದನಿ ಪರೀಕ್ಷೆ ಮಾಡತೊಡಗಿದ. ಒಬ್ಬನಿಗಂತೂ "ಎಲ್ಲಿ, 'ಕೆಳಗಿಡು' ಅನ್ನಿ ನೋಡೋಣ" ಎಂದೇಬಿಟ್ಟ. ಆ ಹುಡುಗ ಗಾಬರಿಯಿಂದ ಕೈಯಲ್ಲಿದ್ದ ಸೈಕಲ್ ಬೀಗವನ್ನು ಕೆಳಗಿಟ್ಟು ಹೊರಟುಹೋದ.

ಹೀಗಿರುವಾಗ ಒಂದು ಲಕೋಟೆ ಬಂತು. ಬರೆದದ್ದು ಮಗಳ ಹೆಸರಿಗೆ, ಒಡೆದದ್ದು ಅಪ್ಪ. ಮುಚ್ಚಿದ್ದನ್ನು ತೆರೆಯುವುದು ಅವನ ಕಸುಬೇ ತಾನೇ! ಪಕ್ಕದ ರಾಜ್ಯದ ಕೋರ್ಟಿನ ನೋಟಿಸು. ಗಾಡಿ ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದದ್ದಕ್ಕೆ ದಂಡ, ಇಂಥ ತಾರೀಕಿನೊಳಗೆ ಉತ್ತರ ಕೊಡಬೇಕು ಎಂದಿತ್ತು.

"ಮೋಸ!" ಎಂದು ಅವನು ಹೆಂಡತಿಗೆ ತೋರಿಸಿದ. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ. ಇಂಥ ಮುದ್ರೆ ನಾನೂ ಕೆತ್ತಬಲ್ಲೆ. ಹರಿದು ಬಿಸಾಕ್ತೀನಿ."

"ಹರಿಯೋಕೆ ಏನು ಅವಸರ ರೀ? ಡ್ರೈವಿಂಗ್ ಸ್ಕೂಲ್ ಮೇಡಂಗೆ ಒಂದ್ಸಲ ತೋರ್ಸಿ. ಅವಳಿಗೆ ಗಾಡಿ ಕಲಿಸಿದ್ದು ಅವರೇ ಅಲ್ವಾ?"

ಮೇಡಂ ಅಂಗಡಿಗೇ ಬಂದರು. ಕೀಲಿ ಕಡಿಯುವ ಯಂತ್ರದ ಪಕ್ಕದ ಹಿತ್ತಾಳೆ ಪುಡಿ ಒರೆಸಿ ಸ್ಟೂಲಿನ ಮೇಲೆ ಕುಳಿತು ನೋಟಿಸು ಓದಿದರು.

"ಮೋಸ ತಾನೇ ಮೇಡಂ?"

"ಅನುಮಾನ ಪಡೋದು ತಪ್ಪಲ್ಲ ಅಣ್ಣ. ಇಂಥ ಹೆಸರಲ್ಲಿ ಮೋಸ ಮಾಡೋರೂ ಇದ್ದಾರೆ. ಆದ್ರೆ ಒಂದು ಕೇಳ್ತೀನಿ, ಬೀಗ ತೆಗೀಲಿಲ್ಲ ಅಂದ್ರೆ ತಕ್ಷಣ ಒಡೆದುಹಾಕ್ತೀರಾ?"

"ಛೆ, ಮೊದ್ಲು ಕೀಲಿ ಸರಿಯಾದ್ದಾ ಅಂತ ನೋಡ್ತೀನಿ."

"ಇದನ್ನೂ ಹಾಗೇ ನೋಡೋಣ. ಈ ಕಾಗದದಲ್ಲಿರೋ ನಂಬರೂ ಬೇಡ, ಫೋನಿಗೆ ಬರೋ ಲಿಂಕೂ ಬೇಡ. ಆ ಕೋರ್ಟಿನ ಸರ್ಕಾರಿ ವೆಬ್‌ಸೈಟನ್ನ ನಾವೇ ಹುಡುಕಿ, ಅಲ್ಲಿರೋ ನಂಬರಿಗೆ ಕೇಳೋಣ."

ಕೇಳಿದರು. ಕೋರ್ಟಿನ ಗುಮಾಸ್ತೆ ಕಾರಿನ ನಂಬರು, ಮಗಳ ಹೆಸರು ಎರಡನ್ನೂ ತಾನೇ ಹೇಳಿದಳು. ನೋಟಿಸು ನಿಜವಾದದ್ದು.

ಬೀಗದಣ್ಣ ಸೋಲುವವನೇ? ಅನುಮಾನ ಜಾಗ ಬದಲಾಯಿಸಿತು, ಅಷ್ಟೆ. "ಹೊರಗಿನ ಗಾಡಿ ಅಂತ ಬೇಕಂತ್ಲೇ ಹಿಡಿದಿದ್ದಾರೆ. ಅವರ ರಾಜ್ಯದಲ್ಲಿ ಅವರು ಬರ್ಕೊಳ್ಳಲಿ ಬಿಡಿ. ಗಡಿ ದಾಟಿ ಬಂದು ಹಿಡೀತಾರಾ?"

"ಪೊಲೀಸ್ ಬರೋದು ಬೇಡ, ಇಲ್ಲಿನ ಆರ್‌ಟಿಒಗೆ ಸುದ್ದಿ ಬಂದ್ರೆ ಸಾಕು. ತಪ್ಪು ಅಲ್ಲಾಗಿದ್ರೂ ಲೈಸೆನ್ಸ್ ಇಲ್ಲೀದೇ ಅಲ್ವಾ? ಉತ್ತರ ಕೊಡದೆ ಗಡುವು ದಾಟಿಸಿದ್ರೆ ಲೈಸೆನ್ಸನ್ನೇ ತಡೆಹಿಡಿಯಬಹುದು. ಆಗ ಔಷಧದ ವ್ಯಾನ್ ಮರೆತುಬಿಡಿ. ಅವಳು ತಪ್ಪು ಮಾಡಿಲ್ಲ ಅಂದ್ರೆ ವಿಚಾರಣೆ ಕೇಳೋಣ, ವಾದ ಮಾಡೋಣ. ಮಾಡಿದ್ದಾಳೋ ಇಲ್ವೋ, ಅವಳನ್ನ ಕೇಳಿದ್ರಾ?"

ಅವನು ಕೇಳಿರಲಿಲ್ಲ. ಬೀದಿಯ ಹುಡುಗರನ್ನೆಲ್ಲ ಕೇಳಿದ್ದ.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಮಗಳೇ ಬಂದಳು. ಮೇಡಂ ಕೈಯಲ್ಲಿದ್ದ ಕಾಗದ ಕಂಡದ್ದೇ ಅವಳ ಮುಖ ಬಿಳುಚಿಕೊಂಡಿತು. ಸಿಕ್ಕಿಬಿದ್ದಳು ಎಂದುಕೊಂಡ ಬೀಗದಣ್ಣ.

"ಗಾಡಿ ಓಡಿಸ್ತಾ ಯಾರ ಜೊತೆ ಮಾತಾಡ್ತಿದ್ದೆ? ಅವತ್ತು ಕೇಳಿದ್ನಲ್ಲ ಆ ದನಿ, ಅವನ ಜೊತೆನಾ? ಯಾರವನು?"

ಮಗಳು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. "ನಿಮ್ಮ ಜೊತೆ ಅಪ್ಪ."

"ಏನು?"

"ದೊಡ್ಡಮ್ಮನ್ನ ಆಸ್ಪತ್ರೇಲಿ ಇಳಿಸಿ ಒಬ್ಳೇ ಗಾಡಿ ನಿಲ್ಲಿಸೋಕೆ ಹೋಗ್ತಿದ್ದೆ. ಆಗ ನೀವೇ ಫೋನ್ ಮಾಡಿದ್ರಿ. ಎರಡು ರಿಂಗ್ ಆಗಿತ್ತು. ಮೂರಾದ್ರೆ ನೀವು ಬೈತೀರಾ ಅಂತ ಸೀಟಿನ ಮೇಲೆ ಹುಡುಕಿ ಎತ್ತಿದೆ. ರಸ್ತೆ ನೋಡ್ಲಿಲ್ಲ. ಒಬ್ಬಳು ತಾಯಿ ಮಗು ಕೈ ಹಿಡ್ಕೊಂಡು ದಾಟ್ತಿದ್ಲು ಅಪ್ಪ. ಪಕ್ಕದಲ್ಲಿದ್ದ ಪೊಲೀಸ್ ಓಡಿ ಬಂದು ಕಾರಿನ ಬಾನೆಟ್ ಮೇಲೆ ಕೈ ಬಡಿದ್ರು. ಆಗ ಬ್ರೇಕ್ ಹಾಕ್ದೆ. ಮಗು ಚಪ್ಪಲಿ ಟೈರ್ ಹತ್ರ ಬಿದ್ದಿತ್ತು. 'ಮೊದ್ಲು ಅದನ್ನ ಕೆಳಗಿಡು' ಅಂದಿದ್ದು ಅವ್ರೇ. ದಂಡದ ಚೀಟಿ ಬರೆದುಕೊಟ್ಟಿದ್ದೂ ಅವ್ರೇ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಬೀಗದಣ್ಣನಿಗೆ. ಇಷ್ಟು ದಿನ ಅವನು ಶಪಿಸುತ್ತಿದ್ದ ದನಿ ಒಂದು ಮಗುವನ್ನು ಉಳಿಸಿತ್ತು, ಅವನ ಮಗಳನ್ನೂ ಉಳಿಸಿತ್ತು.

"ಎತ್ತದೆ ಇರಬಾರ್ದಿತ್ತಾ?" ಎಂದ ಮೆಲ್ಲಗೆ.

"ಎತ್ತದಿದ್ರೆ ಮನೇಲಿ ಏನಾಗ್ತಿತ್ತು ಅಪ್ಪ?"

ಮೇಡಂ ಮಗಳನ್ನೂ ಬಿಡಲಿಲ್ಲ. "ಕರೆದದ್ದು ಅಪ್ಪನ ತಪ್ಪು. ಆದ್ರೆ ಎತ್ತಿದ ಕೈ ನಿಂದು. ಸ್ಟೇರಿಂಗ್ ಹಿಡಿದಾಗ ಅಪ್ಪನ ಮಾತಿಗಿಂತ ರಸ್ತೆ ದೊಡ್ಡದು. ಅವತ್ತೇ ಕೊಟ್ಟ ಚೀಟಿ ಯಾಕೆ ಮುಚ್ಚಿಟ್ಟೆ?"

"ಬೇರೆ ರಾಜ್ಯದ್ದು, ಏನೂ ಆಗಲ್ಲ ಅಂತ ಗೆಳತಿ ಹೇಳಿದ್ಲು."

"ಗೆಳತಿ ಮಾತು ಕೇಳಿ ಬಾವಿಗೆ ಬೀಳ್ತಿದ್ದೆ."

ಮರುದಿನವೇ ಅಪ್ಪ, ಮಗಳು, ಮೇಡಂ ಮೂವರೂ ಕೂತು ಉತ್ತರ ಬರೆದರು. ಮಗಳು ತಪ್ಪು ಒಪ್ಪಿಕೊಂಡಳು, ಸುರಕ್ಷಿತ ಚಾಲನೆಯ ತರಗತಿಗೆ ಅವಕಾಶವಿದೆಯೇ ಎಂದು ಕೇಳಿದಳು. ಆ ಕೋರ್ಟು ಒಪ್ಪಿತು. ದಂಡವನ್ನು ಮಗಳೇ ಕಟ್ಟಿ ರಸೀದಿ ಜೋಪಾನ ಮಾಡಿದಳು. ಗೋದಾಮಿನ ಯಜಮಾನರಿಗೂ ತಾನೇ ಹೋಗಿ ಹೇಳಿದಳು. ಅವರು ಮುಖ ಸಿಂಡರಿಸಿ, ಮೊದಲ ತಿಂಗಳು ಹಳೆಯ ಡ್ರೈವರ್ ಪಕ್ಕದಲ್ಲಿರುತ್ತಾನೆ ಎಂದರು. ಲೈಸೆನ್ಸ್ ಉಳಿಯಿತು, ಕೆಲಸವೂ ಉಳಿಯಿತು.

ವ್ಯಾನ್ ಏರುವ ಮೊದಲ ದಿನ ಮಗಳು ಅಂಗಡಿಯ ಮುಂದೆ ನಿಂತಳು. "ಗಾಡಿ ನಿಲ್ಲಿಸಿದ ಮೇಲೆ ನಾನೇ ಫೋನ್ ಮಾಡ್ತೀನಿ ಅಪ್ಪ."

"ಆಯ್ತು ಹೋಗಮ್ಮ," ಎಂದ. ಅವಳು ತಿರುವು ದಾಟುವ ಮೊದಲೇ ಅವನ ಕೈ ಜೇಬಿಗೆ ಹೋಗಿತ್ತು. ಹುಟ್ಟುಗುಣ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಎಲ್ಲಿ ಹೋದಳೋ, ಪಕ್ಕದಲ್ಲಿ ಕೂತ ಆ ಡ್ರೈವರ್ ಎಂಥವನೋ. ಫೋನ್ ತೆಗೆದ, ಮಗಳ ಹೆಸರು ಒತ್ತಬೇಕು, ಆಗ ಟೈರಿನ ಬಳಿ ಬಿದ್ದ ಪುಟ್ಟ ಚಪ್ಪಲಿ ಕಣ್ಣಿಗೆ ಕಟ್ಟಿತು. ಫೋನನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಮಗಳನ್ನು ಕಳಿಸಲೆಂದು ಅಂಗಡಿಗೆ ಬಂದಿದ್ದ ಹೆಂಡತಿಯ ಕೈಗೆ ಕೊಟ್ಟ.

"ಕೀಲಿ ಇಲ್ದೆ ತೆಗೆಯೋಕೆ ನಿಮಗೆ ಎಷ್ಟೊತ್ತು ಬೇಕು?" ಎಂದು ಅವಳು ನಕ್ಕಳು.

ನಿಜ, ಊರಿನ ಯಾವ ಬೀಗವನ್ನಾದರೂ ಒಂದು ತಂತಿಯಲ್ಲಿ ತೆಗೆಯಬಲ್ಲವನು ಅವನು. ತಂತಿ ಕೈಗೆಟುಕುವಲ್ಲೇ ಇತ್ತು. ಅವನು ಮುಟ್ಟಲಿಲ್ಲ.

ಬಹಳ ಹೊತ್ತಿನ ಮೇಲೆ ಡ್ರಾಯರಿನೊಳಗಿಂದ ಫೋನ್ ಬಡಿದುಕೊಂಡಿತು. ಹೆಂಡತಿ ಕೀಲಿ ಹುಡುಕಿ, ಬೀಗ ತೆಗೆದು ಎತ್ತಿಕೊಡುವಷ್ಟರಲ್ಲಿ ಮೂರು ರಿಂಗು ಯಾವಾಗಲೋ ದಾಟಿತ್ತು.

"ಯಾಕಪ್ಪ ಇಷ್ಟು ತಡ?" ಮಗಳ ದನಿಯಲ್ಲಿ ನಗು. "ಗಾಡಿ ನಿಲ್ಲಿಸಿದ್ದೀನಿ. ಈಗ ಮಾತಾಡಿ."

ಅವನು ಕಣ್ಣೊರೆಸಿಕೊಂಡು, "ಊಟ ಆಯ್ತೇನಮ್ಮ?" ಎಂದ.

ಈ ಕಥೆ ಓದಿದ ಅಪ್ಪಂದಿರೇ, ಅಮ್ಮಂದಿರೇ, ಮಕ್ಕಳ ಮೇಲಿನ ಕಾಳಜಿ ನಿಮ್ಮದೂ ದೊಡ್ಡದೇ. ಆದರೆ ಮಗ ಅಥವಾ ಮಗಳು ಗಾಡಿಯಲ್ಲಿದ್ದಾಗ ನಿಮ್ಮ ಕರೆ ಅವರನ್ನು ಕಾಪಾಡುವುದಿಲ್ಲ. ಫೋನ್ ಎತ್ತಿದರೆ ಮೊದಲು "ಗಾಡಿ ಓಡಿಸ್ತಿದ್ದೀಯಾ?" ಎಂದು ಕೇಳಿ. ಹೌದೆಂದರೆ ಮರುಮಾತಿಲ್ಲದೆ ಇಟ್ಟುಬಿಡಿ. ಹೊರ ರಾಜ್ಯದಿಂದ ದಂಡದ ನೋಟಿಸು ಬಂದರೆ ಹರಿಯಬೇಡಿ, ಮುಚ್ಚಿಡಬೇಡಿ. ನಿಜವೋ ಸುಳ್ಳೋ ಎಂದು ನೀವೇ ಹುಡುಕಿದ ಸರ್ಕಾರಿ ನಂಬರಿಗೆ ಕೇಳಿ, ಗಡುವಿನೊಳಗೆ ಉತ್ತರ ಕೊಡಿ. ನಿಯಮ ಒಂದೊಂದು ಕಡೆ ಒಂದೊಂದು ಥರ, ತಿಳಿದವರನ್ನು ವಿಚಾರಿಸಿ. ಅದಕ್ಕೂ ಮೊದಲು ಮಕ್ಕಳನ್ನು ಕೂರಿಸಿಕೊಂಡು ನೇರವಾಗಿ ಕೇಳಿ. ಕೇಳಿದ ಮೇಲೆ ಬೈಯದೆ ಪೂರ್ತಿ ಕೇಳಿಸಿಕೊಳ್ಳಿ.