ಐದೂವರೆ ಗಂಟೆ ಎರಡು ಸಲ ಕಳೆದ ದಿನ

ಆ ವಿಮಾನ ನಿಲ್ದಾಣದಲ್ಲಿ ಹುಲ್ಲು ಕತ್ತರಿಸಬೇಕಾದರೂ ಅಕ್ಕನಿಗೆ ಹೇಳದೆ ಕತ್ತರಿಸುವಂತಿರಲಿಲ್ಲ. ರನ್‌ವೇ ಪಕ್ಕದ ಒಂದು ದೀಪ ಕೆಟ್ಟರೆ, ಊರಿನಲ್ಲಿ ಯಾರೋ ಮಹಡಿ ಕಟ್ಟಲು ಎತ್ತರದ ಕ್ರೇನ್ ನಿಲ್ಲಿಸಿದರೆ, ಕೊಕ್ಕರೆಗಳ ಹಿಂಡು ಬಂದು ಬೀಡುಬಿಟ್ಟರೆ, ಎಲ್ಲವೂ ಮೊದಲು ಅಕ್ಕನ ಮೇಜಿಗೆ ಬರಬೇಕು. ಅಕ್ಕ ಅದನ್ನು ನಾಲ್ಕು ಸಾಲಿನ ಸೂಚನೆಯಾಗಿ ಬರೆದು ಕಳಿಸುತ್ತಾಳೆ. ಅಲ್ಲಿಗೆ ಹೊರಡುವ ಯಾವ ಪೈಲಟ್ ಆದರೂ ಅದನ್ನು ಓದಿಕೊಂಡೇ ಹೊರಡಬೇಕು. ಪೈಲಟ್‌ಗಳ ಮೀಸೆ ಎಷ್ಟೇ ದೊಡ್ಡದಿರಲಿ, ಅಕ್ಕ ಬಂದ್ ಎಂದರೆ ಬಂದ್.

ಅವಳನ್ನು ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರೂ ಉಳಿದಿರಲಿಲ್ಲ. ಮೂವತ್ತು ವರ್ಷದಿಂದ ಅವಳು ಎಲ್ಲರಿಗೂ ಅಕ್ಕ. ಅವಳಿಗಿಂತ ಆರು ವರ್ಷ ದೊಡ್ಡವರಾದ ಸಾಹೇಬರಿಗೂ ಅಕ್ಕನೇ. ಈ ಮೂವತ್ತು ವರ್ಷದಲ್ಲಿ ಅವಳು ಬರೆದ ಒಂದು ಸೂಚನೆಯನ್ನೂ ತಪ್ಪೆಂದು ತಿದ್ದಬೇಕಾಗಿ ಬಂದಿರಲಿಲ್ಲ. ಇದನ್ನು ಅವಳು ಯಾರ ಮುಂದೆಯೂ ಕೊಚ್ಚಿಕೊಂಡವಳಲ್ಲ, ಆದರೆ ಯಾರಾದರೂ ಹೇಳಿದರೆ ಬೇಡ ಎಂದೂ ಅನ್ನುತ್ತಿರಲಿಲ್ಲ.

ಇನ್ನು ಡಾಂಬರಣ್ಣನ ವಿಚಾರ. ರನ್‌ವೇ ದುರಸ್ತಿಯ ಎಂಜಿನಿಯರ್ ಅವನು. ಎಲ್ಲಿ ಬಿರುಕು, ಎಲ್ಲಿ ತಗ್ಗು ಎಂದು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲ. ಆದರೆ ಒಂದು ಅರ್ಜಿಯನ್ನು ನೆಟ್ಟಗೆ ತುಂಬಿಸಿಕೊಡು ಎಂದರೆ ಅವನಿಗೆ ಪ್ರಾಣಸಂಕಟ. ಸೂಚನೆಗಳಲ್ಲಿ ಊರಿನ ಗಂಟೆಯನ್ನು ಬರೆಯುವ ಹಾಗಿಲ್ಲ. ಒಂದೊಂದು ದೇಶದಲ್ಲಿ ಒಂದೊಂದು ಹೊತ್ತು, ಪೈಲಟ್ ಯಾವುದನ್ನು ನಂಬಬೇಕು? ಅದಕ್ಕೆ ಎಲ್ಲರೂ ಒಂದೇ ಗಡಿಯಾರವನ್ನು ಒಪ್ಪಿಕೊಂಡಿದ್ದಾರೆ. ಅಕ್ಕನ ಆಫೀಸಿನಲ್ಲಿ ಅದಕ್ಕೆ ಲೋಕದ ಗಂಟೆ ಎನ್ನುತ್ತಿದ್ದರು. ಅದು ಊರಿನ ಗಂಟೆಗಿಂತ ಐದೂವರೆ ಗಂಟೆ ಹಿಂದೆ. ಅರ್ಜಿ ಕೊಡುವವರೇ ಐದೂವರೆ ಕಳೆದು ಬರೆದು, ಮೂಲೆಯಲ್ಲಿರುವ ಚೌಕದಲ್ಲಿ ‘ಲೋಕದ ಗಂಟೆ’ ಎಂದು ಗುರುತು ಹಾಕಬೇಕು. ಡಾಂಬರಣ್ಣ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಹಾಗೆ ಮಾಡಿರಲಿಲ್ಲ. ತನ್ನ ಕೈಗಡಿಯಾರದಲ್ಲಿ ಎಷ್ಟಾಗಿರುತ್ತದೋ ಅದನ್ನೇ ಗೀಚಿ ಕೊಡುತ್ತಿದ್ದ. ಪ್ರತಿ ಸಲವೂ ಅಕ್ಕ ಬೈಯುವಳು, ಅವನು ತಲೆ ಕೆರೆದುಕೊಂಡು ನಗುವನು, ಅಕ್ಕನೇ ಐದೂವರೆ ಗಂಟೆ ಕಳೆದು ಬರೆದುಕೊಳ್ಳುವಳು. ಬೈಯುವುದು ಅವಳ ಕೆಲಸ, ಬೈಸಿಕೊಳ್ಳುವುದು ಅವನ ಕೆಲಸ ಎಂದು ಇಬ್ಬರೂ ಒಪ್ಪಿಕೊಂಡ ಹಾಗಿತ್ತು.

ಗುರುವಾರ ಸಂಜೆ ಡಾಂಬರಣ್ಣನ ಅರ್ಜಿ ಬಂತು. ರನ್‌ವೇ ದುರಸ್ತಿ, ನಾಳೆ, ಒಂಬತ್ತರಿಂದ ಹನ್ನೆರಡರವರೆಗೆ ಪೂರ್ತಿ ಬಂದ್. ಅಕ್ಕನ ಕೈ ತಾನಾಗಿಯೇ ಐದೂವರೆ ಕಳೆಯಿತು. ಮೂರೂವರೆಯಿಂದ ಆರೂವರೆ ಎಂದು ಬರೆದಳು. ಬರೆದ ಮೇಲೆ ಅವಳಿಗೆ ನೆನಪಾಯಿತು. ನಾಳೆ ಬೆಳಿಗ್ಗೆ ಹತ್ತು ನಲವತ್ತಕ್ಕೆ ಪುಟ್ಟಿಯ ವಿಮಾನ ಇಳಿಯಬೇಕು.

ಪುಟ್ಟಿ ಅಕ್ಕನ ಒಬ್ಬಳೇ ಮಗಳು. ಪೈಲಟ್ ಆಗಿ ಏಳು ತಿಂಗಳಾಗಿತ್ತು. ಎಲ್ಲೆಲ್ಲಿಗೋ ಹಾರಿದ್ದಳು, ಹುಟ್ಟಿದ ಊರಿಗೆ ಮಾತ್ರ ಹಾರಿರಲಿಲ್ಲ. ಕೊನೆಗೂ ನಾಳೆ ಆ ಸರದಿ ಬಂದಿತ್ತು. ಇಳಿಸುವುದೂ ಅವಳೇ ಎಂದು ಕ್ಯಾಪ್ಟನ್ ಮಾತು ಕೊಟ್ಟಿದ್ದರಂತೆ. ಅಕ್ಕನ ಯಜಮಾನರು ಟೈಲರ್, ಊರಿನವರಿಗೆಲ್ಲ ಹೊಲಿದು ತಮಗೆ ಮಾತ್ರ ಹೊಲಿದುಕೊಳ್ಳದ ಜಾತಿ. ಅಂಥವರು ಈ ದಿನಕ್ಕೆಂದು ಒಂದು ನೀಲಿ ಅಂಗಿಗೆ ಬಟ್ಟೆ ಕತ್ತರಿಸಿದ್ದರು.

ಅಕ್ಕ ಫೋನಿನ ಮೇಲೆ ಕೈಯಿಟ್ಟಳು. ಡಾಂಬರಣ್ಣನಿಗೆ ಒಂದು ಮಾತು ಹೇಳಿದರೆ ಸಾಕಿತ್ತು, ಕೆಲಸವನ್ನು ಮಧ್ಯಾಹ್ನಕ್ಕೆ ಹಾಕಿಕೊಳ್ಳಪ್ಪ ಎಂದು. ಅವನು ಇಲ್ಲ ಅನ್ನುವವನಲ್ಲ. ಆದರೆ ಮೂವತ್ತು ವರ್ಷ ಯಾರಿಗೂ ಒಂದು ನಿಮಿಷ ಬಿಟ್ಟುಕೊಡದವಳು ಮಗಳಿಗೆ ಅಂತ ಬಾಯಿಬಿಡುವುದೇ? ಕೈ ಹಿಂದೆಗೆದುಕೊಂಡಳು.

ಸೂಚನೆಯನ್ನು ಸಾಹೇಬರ ಮುಂದಿಟ್ಟಾಗ ಅವರೇ ಕೇಳಿದರು. "ನಾಳೆ ನಿಮ್ಮ ಮಗಳು ಬರ್ತಾಳೆ ಅಂದಿದ್ರಲ್ಲ ಅಕ್ಕ?"

"ರನ್‌ವೇಗೆ ಯಾರ ಮಗಳಾದ್ರೇನು ಸರ್," ಎಂದಳು ಅಕ್ಕ. ಸಾಹೇಬರು ಸಹಿ ಹಾಕಿದರು. ಸೂಚನೆ ಹೋಯಿತು. ಅದರ ಪ್ರತಿ ಡಾಂಬರಣ್ಣನ ಆಫೀಸಿಗೂ ಹೋಯಿತು. ಅವನು ಅದನ್ನು ಎಂದಿನಂತೆ ಓದದೆ ಗೋಡೆಯ ಮೊಳೆಗೆ ಚುಚ್ಚಿಟ್ಟ.

ಮನೆಯಲ್ಲಿ ಟೈಲರ್ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಅಕ್ಕ ವಿಷಯ ಹೇಳಿದಳು. ಪುಟ್ಟಿಯ ವಿಮಾನವನ್ನು ಪಕ್ಕದ ಊರಿನ ನಿಲ್ದಾಣದಲ್ಲಿ ಇಳಿಸುತ್ತಾರೆ, ಜನರನ್ನು ಬಸ್ಸಿನಲ್ಲಿ ಕರೆತರುತ್ತಾರೆ, ಪುಟ್ಟಿ ಅಲ್ಲಿಂದಲೇ ವಾಪಸ್ಸು.

"ಒಂದು ಮಾತು ಕೇಳಬಾರದಿತ್ತಾ ನೀನು?"

"ಕೇಳಿದ್ರೆ ನಾಳೆಯಿಂದ ಎಲ್ಲರೂ ಕೇಳ್ತಾರೆ ರೀ."

"ಎಲ್ಲರ ಮಗಳೂ ಪೈಲಟ್ಟಾ?" ಟೈಲರ್ ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿ, ಮೂರೇ ಗುಂಡಿಯ ಅಂಗಿಯನ್ನು ಮಡಚಿ ಬೀರುವಿನೊಳಗೆ ತುರುಕಿದರು. ಆಮೇಲೆ ಮುಖ ಊದಿಸಿಕೊಂಡು ಊಟ ಮಾಡಿದರು. ಪುಟ್ಟಿ ರಾತ್ರಿ ಫೋನ್ ಮಾಡಿದಳು, ಸೂಚನೆಯ ಮಾತನ್ನೇ ಎತ್ತಲಿಲ್ಲ. ಊಟ ಆಯ್ತಾ ಎಂದಳು, ಆಯ್ತು ಎಂದಳು ಅಕ್ಕ. ತಾಯಿಗೂ ಮಗಳಿಗೂ ಬಿಗುಮಾನದಲ್ಲಿ ಏನೂ ಕಡಿಮೆಯಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಅಕ್ಕ ಮೇಜಿಗೆ ಬಂದು ಕೂತಳು. ಅವಳ ಕಿಟಕಿಯಿಂದ ರನ್‌ವೇ ಪೂರ್ತಿ ಕಾಣುತ್ತದೆ. ಒಂಬತ್ತಕ್ಕೆ ಕೆಲಸವೆಂದರೆ ಎಂಟಕ್ಕೆಲ್ಲ ಡಾಂಬರಿನ ಲಾರಿ, ರೋಲರ್, ಹಳದಿ ಜೀಪು ಬಂದು ಸಾಲಾಗಿ ನಿಂತಿರಬೇಕು. ಎಂಟಾಯಿತು, ಎಂಟೂ ಹತ್ತಾಯಿತು. ರನ್‌ವೇ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಇವನು ಮಲಗಿಬಿಟ್ಟನೋ ಏನೋ ಎಂದು ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಮಗಳ ವಿಮಾನವನ್ನು ಬಿಟ್ಟುಕೊಟ್ಟಿದ್ದು ಇವನ ನಿದ್ದೆಗಾಗಿಯೇ? ಫೋನ್ ಹಚ್ಚಿದಳು.

ಡಾಂಬರಣ್ಣ ಕ್ಯಾಂಟೀನಿನಲ್ಲಿದ್ದ. ಬಾಯಿ ತುಂಬಿತ್ತು. "ಹೇಳಿ ಅಕ್ಕ."

"ಎಲ್ಲಪ್ಪ ನಿನ್ನ ಲಾರಿ?"

"ಒಂದು ಗಂಟೆಗೆ ಹೊರಡುತ್ತೆ. ಕೆಲಸ ಇರೋದು ಎರಡೂವರೆಗಲ್ವಾ?"

"ಒಂಬತ್ತು ಅಂತ ಬರೆದಿದ್ದೀಯ."

"ಹೌದು, ಲೋಕದ ಗಂಟೆ ಒಂಬತ್ತು," ಎಂದ ಡಾಂಬರಣ್ಣ. ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ಹನ್ನೊಂದು ವರ್ಷದಿಂದ ಬೈದ್ರಲ್ಲ ಅಕ್ಕ. ಈ ಸಲ ನಾನೇ ಐದೂವರೆ ಕಳೆದು ಬರೆದೆ. ಚೌಕದಲ್ಲಿ ಗುರುತೂ ಹಾಕಿದ್ದೀನಿ. ನೋಡಿ ಖುಷಿಪಡ್ತೀರಿ ಅಂದ್ಕೊಂಡಿದ್ದೆ."

ಅಕ್ಕ ಅರ್ಜಿಯನ್ನು ಎಳೆದುಕೊಂಡು ನೋಡಿದಳು. ಮೂಲೆಯ ಚೌಕದಲ್ಲಿ ಗುರುತು ಕುಳಿತಿತ್ತು, ದಪ್ಪಗೆ, ನೀಲಿ ಶಾಯಿಯಲ್ಲಿ. ಹನ್ನೊಂದು ವರ್ಷ ಖಾಲಿಯಿದ್ದ ಚೌಕ, ಅದನ್ನು ನೋಡುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು. ಅವನು ಒಂದು ಸಲ ಐದೂವರೆ ಕಳೆದಿದ್ದ, ಅದರ ಮೇಲೆ ಇವಳು ಇನ್ನೊಂದು ಸಲ ಕಳೆದಿದ್ದಳು. ಅವಳು ಅವನ ಕಿವಿ ಹಿಂಡಿ ಹಿಂಡಿ ಕಲಿಸಿದ ಪಾಠ ಕೊನೆಗೂ ಅವನ ತಲೆಗೆ ಹತ್ತಿತ್ತು, ಹತ್ತಿದ್ದು ಇದೇ ದಿನ.

ಬೆಳಿಗ್ಗೆ ತೆರೆದಿರುವ ರನ್‌ವೇಯನ್ನು ಅವಳು ಬಂದ್ ಎಂದು ಸಾರಿದ್ದಳು. ಅದಾದರೂ ಹೋಗಲಿ. ಮಧ್ಯಾಹ್ನ ಎರಡೂವರೆಗೆ ಡಾಂಬರು ಸುರಿಯುವ ಹೊತ್ತಿಗೆ ರನ್‌ವೇ ತೆರೆದಿದೆ ಎಂದುಕೊಂಡು ನೂರೈವತ್ತು ಜನರ ವಿಮಾನವೊಂದು ಹೊರಟು ಬರುವುದಿತ್ತು. ಟವರಿನವರು ಅದನ್ನು ಇಳಿಯಲು ಬಿಡುತ್ತಿರಲಿಲ್ಲ, ನಿಜ. ಆದರೆ ಅಕ್ಕನ ಸೂಚನೆಯನ್ನು ನಂಬಿ ಬಂದವರು ಆಕಾಶದಲ್ಲಿ ಸುತ್ತು ಹೊಡೆಯಬೇಕಾಗುತ್ತಿತ್ತು.

ಹಳೆಯ ಸೂಚನೆಯನ್ನು ರದ್ದು ಮಾಡಿ ಹೊಸದನ್ನು ಬರೆಯಲು ಅವಳಿಗೆ ಐದು ನಿಮಿಷ ಸಾಕಾಯಿತು. ಆದರೆ ಬದಲಾಯಿಸಿದ್ದು ಯಾಕೆ ಎಂದು ದಿನಚರಿಯ ಪುಸ್ತಕದಲ್ಲಿ ಬರೆಯಬೇಕಲ್ಲ, ಅಲ್ಲಿ ಪೆನ್ನು ನಿಂತಿತು. ನಿನ್ನೆ ಬಂದ್ ಎಂದವಳು ಇವತ್ತು, ಮಗಳ ವಿಮಾನ ಹೊರಡುವ ಮುಂಚೆ, ತೆರೆದಿದೆ ಎನ್ನುತ್ತಿದ್ದಾಳೆ. ನೋಡಿದವರು ಏನೆಂದುಕೊಳ್ಳುತ್ತಾರೆ? ಮೂವತ್ತು ವರ್ಷದ ಹೆಸರು ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಅಷ್ಟರಲ್ಲಿ ಡಾಂಬರಣ್ಣ ಕೈ ಕೂಡ ಒರೆಸಿಕೊಳ್ಳದೆ ಓಡಿಬಂದಿದ್ದ. ವಿಷಯ ತಿಳಿದು ಅವನ ಮುಖ ಸಣ್ಣಗಾಯಿತು.

"ಅಕ್ಕ, ತಪ್ಪು ನಂದೇ ಅಂತ ಬರೆದುಬಿಡಿ. ಗಂಟೆ ತಪ್ಪು ಬರೆದೆ ಅಂತ. ನನ್ನ ಮೇಲೆ ಇಂಥವು ನೂರಿವೆ, ನೂರಾ ಒಂದಾಗುತ್ತೆ ಅಷ್ಟೆ. ಎಲ್ಲರೂ ನಂಬ್ತಾರೆ."

ನಂಬುತ್ತಾರೆ, ಅದೇ ಮೋಜು. ಅಕ್ಕ ಅವನನ್ನು ನೋಡಿದಳು. ಜೀವಮಾನದಲ್ಲಿ ಮೊದಲ ಸಲ ಅರ್ಜಿಯನ್ನು ನೆಟ್ಟಗೆ ತುಂಬಿದವನು, ಅದನ್ನು ತಪ್ಪೆಂದು ಒಪ್ಪಿಕೊಳ್ಳಲು ಬಂದು ನಿಂತಿದ್ದ.

"ಹನ್ನೊಂದು ವರ್ಷಕ್ಕೆ ಒಂದು ಸಲ ಸರಿ ಬರೆದಿದ್ದೀಯ, ಅದನ್ನೂ ಕಿತ್ಕೊಳ್ಳಲಾ ನಿನ್ನಿಂದ?" ಎಂದು ಅಕ್ಕ ಪುಸ್ತಕದಲ್ಲಿ ದುಂಡಗೆ ಬರೆದಳು: ಅರ್ಜಿ ಸರಿಯಾಗಿತ್ತು, ಚೌಕ ನೋಡದೆ ಐದೂವರೆ ಗಂಟೆ ಮತ್ತೆ ಕಳೆದದ್ದು ನಾನು, ತಪ್ಪು ನನ್ನದು. ಕೆಳಗೆ ಸಹಿ ಹಾಕಿದಳು.

ಸಾಹೇಬರು ಓದಿದರು, ಕನ್ನಡಕ ತೆಗೆದು ಮತ್ತೆ ಓದಿದರು. ಗೊಳ್ಳನೆ ನಕ್ಕರು. "ಇವತ್ತು ನಿಮ್ಮ ಜತೆ ಕಾಫಿ ಕುಡಿಯೋ ಧೈರ್ಯ ಬಂತು ನನಗೆ," ಎಂದು ಸಹಿ ಮಾಡಿಕೊಟ್ಟರು. ಅಕ್ಕ ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಆ ನಗು ಕೇಳಿ ಅವಳೂ ನಕ್ಕುಬಿಟ್ಟಳು.

ಎಂಟೂವರೆಗೆ ಹೊಸ ಸೂಚನೆ ಹೋಯಿತು. ಟವರಿನಿಂದ ಕಂಪನಿಗಳಿಗೆಲ್ಲ ಫೋನೂ ಹೋಯಿತು. ಪುಟ್ಟಿಯ ಕಂಪನಿಯವರು ಗೊಣಗಿದರು. ಬಸ್ಸುಗಳನ್ನು ಗೊತ್ತುಮಾಡಿ ಆಗಿದೆ, ಇನ್ನು ಕ್ಯಾಪ್ಟನ್ ಏನು ಹೇಳುತ್ತಾರೋ ನೋಡೋಣ ಎಂದರು. ಅಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಂಪ್ಯೂಟರಿನ ಪರದೆಯನ್ನು ನೋಡುತ್ತ ಕೂತಳು. ಡಾಂಬರಣ್ಣನೂ ಹೋಗಲಿಲ್ಲ, ಬಾಗಿಲಿಗೆ ಒರಗಿ ಉಗುರು ಕಚ್ಚುತ್ತ ನಿಂತ. ಒಂಬತ್ತೂ ಐದಕ್ಕೆ ಪುಟ್ಟಿಯ ವಿಮಾನದ ಹೊಸ ಹಾರಾಟದ ಯೋಜನೆ ಪರದೆಯ ಮೇಲೆ ಮೂಡಿತು. ಇಳಿಯುವ ಜಾಗದಲ್ಲಿ ಈ ಊರಿನ ಹೆಸರಿತ್ತು. ಅಕ್ಕನ ಕಣ್ಣು ಮಂಜಾಯಿತು. ಅವಳಿಗಾದ ಸಂತೋಷವನ್ನು ಮುಚ್ಚಿಡಲು ಆಗಲಿಲ್ಲ, ಆ ದಿನ ಮುಚ್ಚಿಡಬೇಕೆಂದೂ ಅನ್ನಿಸಲಿಲ್ಲ.

ಮನೆಗೆ ಫೋನ್ ಮಾಡಿದರೆ ಟೈಲರ್ ನಂಬುವುದಿಲ್ಲ.

"ಬಂದ್ ಅಂತ ನೀನೇ ಬರೆದಿದ್ದೆ ಅಲ್ವಾ?"

"ತಪ್ಪು ಬರೆದಿದ್ದೆ ರೀ."

"ನೀನು ತಪ್ಪು ಬರೀತೀಯಾ? ತಮಾಷೆ ಮಾಡಬೇಡ, ಗಿರಾಕಿ ನಿಂತಿದ್ದಾರೆ."

ಕೊನೆಗೆ ಡಾಂಬರಣ್ಣ ಫೋನ್ ಕಸಿದುಕೊಂಡು, ಭಾವ, ನನ್ನಾಣೆಗೂ ನಿಜ ಎಂದ ಮೇಲೆಯೇ ಅವರು ಗಿರಾಕಿಯನ್ನು ಅಲ್ಲೇ ಬಿಟ್ಟು ಹೊರಟದ್ದು.

ಅಕ್ಕನ ಆಫೀಸಿನ ಮೇಲೆ ಒಂದು ತಾರಸಿಯಿದೆ. ಹೊರಗಿನವರು ಅಲ್ಲಿಗೆ ಹತ್ತಬೇಕಾದರೆ ಹಿಂದಿನ ದಿನವೇ ಅರ್ಜಿ ಕೊಡಬೇಕು. ಎಷ್ಟೋ ಜನರನ್ನು ಅಕ್ಕನೇ ವಾಪಸ್ಸು ಕಳಿಸಿದ್ದಳು. ಈಗ ಅವಳು ಸಾಹೇಬರ ಬಾಗಿಲಲ್ಲಿ ನಿಂತು ಸೆರಗಿನ ತುದಿಯನ್ನು ತಿರುಚಿದಳು. "ಸರ್, ನಮ್ಮ ಯಜಮಾನರು ಬರ್ತಿದ್ದಾರೆ. ಅರ್ಜಿ ಕೊಟ್ಟಿಲ್ಲ. ಒಂದು ಅರ್ಧ ಗಂಟೆ ತಾರಸಿಗೆ ಬಿಡ್ತೀರಾ?"

ಸಾಹೇಬರಿಗೆ ಹಾಗೆ ಬಿಡುವ ಅಧಿಕಾರವಿತ್ತು. ಇಷ್ಟು ವರ್ಷ ಅಕ್ಕನ ಎದುರಿಗೆ ಅದನ್ನು ಬಳಸಲು ಅವರಿಗೇ ಹೆದರಿಕೆ. "ಕೇಳಿದ್ರಲ್ಲ, ಸದ್ಯ," ಎಂದು ತಾವೇ ಚೀಟಿ ಬರೆದರು.

ಟೈಲರ್ ಬಂದರು, ಮೂರು ಗುಂಡಿಯ ನೀಲಿ ಅಂಗಿ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ನಾಲ್ಕೂ ಜನ ತಾರಸಿ ಹತ್ತಿದರು. ಹತ್ತು ಮೂವತ್ತೆಂಟಕ್ಕೆ ವಿಮಾನ ಕಾಣಿಸಿತು. ಸಣ್ಣಗೆ, ಆಮೇಲೆ ದೊಡ್ಡದಾಗಿ, ಆಮೇಲೆ ರೆಕ್ಕೆ ತುಸುವೂ ಓಲದೆ ರನ್‌ವೇ ಮೇಲೆ ಕೂತಿತು. ಟೈಲರ್ ಚಪ್ಪಾಳೆ ತಟ್ಟಿ, ಬೇರೆ ಯಾರೂ ತಟ್ಟದ್ದನ್ನು ನೋಡಿ ನಿಲ್ಲಿಸಿದರು. ಆಗ ಸಾಹೇಬರು ಶುರುಮಾಡಿದರು.

ವಿಮಾನ ಮುಂದೆ ಓಡುತ್ತ ಒಂದು ಕಡೆ ಕುಲುಕಿತು. "ಆ ತಗ್ಗು ಇದೆಯಲ್ಲ, ಅದನ್ನೇ ಮಧ್ಯಾಹ್ನ ಮುಚ್ಚೋದು," ಎಂದ ಡಾಂಬರಣ್ಣ, ತನ್ನದೇ ತಪ್ಪೆಂಬಂತೆ.

ಪುಟ್ಟಿಗೆ ಸಿಕ್ಕಿದ್ದು ಹತ್ತು ನಿಮಿಷ. ಬಿಳಿ ಅಂಗಿ, ಭುಜದ ಮೇಲೆ ಪಟ್ಟಿ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿಬಂದಳು. ಮೊದಲು ಅಪ್ಪನನ್ನು ತಬ್ಬಿದಳು. ಆಮೇಲೆ ಅಮ್ಮನ ಮುಂದೆ ನಿಂತಳು.

"ಹೊಸ ಸೂಚನೆ ಮೂರು ಸಲ ಓದಿದೆ ಅಮ್ಮ. ನಿನ್ನದು ತಪ್ಪಾಗಿತ್ತಂತೆ, ಟವರಿನವರು ನಮ್ಮ ಕ್ಯಾಪ್ಟನ್‌ಗೆ ಹೇಳಿದ್ರು."

"ಆಗಿತ್ತು," ಎಂದಳು ಅಕ್ಕ. "ನಿನಗೆ ನಾಚಿಕೆ ಆಯ್ತೇನೇ?"

ಪುಟ್ಟಿ ಟೋಪಿಯನ್ನು ಕಂಕುಳಿಗೆ ಸೇರಿಸಿದಳು. "ಇಲ್ಲಮ್ಮ. ಏಳು ತಿಂಗಳಿಂದ ಪ್ರತಿ ಸಲ ಇಳಿಸುವಾಗಲೂ ನನಗೆ ಕೈ ನಡುಗ್ತಿತ್ತು. ನಮ್ಮಮ್ಮ ಮೂವತ್ತು ವರ್ಷದಲ್ಲಿ ಒಂದು ತಪ್ಪೂ ಮಾಡಿಲ್ಲ, ನಾನು ಮಾಡಿಬಿಟ್ರೆ ಏನು ಗತಿ ಅಂತ. ಯಾರಿಗೂ ಹೇಳಿರಲಿಲ್ಲ." ಅವಳು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದಳು. "ಇವತ್ತು ನಡುಗಲಿಲ್ಲ."

ಅಕ್ಕ ಆ ಕೈಗಳನ್ನು ಹಿಡಿದುಕೊಂಡಳು. ಎಲ್ಲರೂ ನೋಡುತ್ತಿದ್ದರು. ನೋಡಲಿ ಎಂದುಕೊಂಡು ಹತ್ತು ನಿಮಿಷ ಮುಗಿಯುವವರೆಗೂ ಅವಳು ಬಿಡಲಿಲ್ಲ.