ಅಣ್ಣನ ನೆತ್ತಿ

ಅತ್ತಿಗೆ ತೀರಿಕೊಂಡ ಆರು ವರ್ಷಕ್ಕೆ ನಮ್ಮಣ್ಣ ಜೆವ್ದೆತ್‌ನನ್ನು ಮದುವೆಯಾಗಲು ಮೆಲಾಹತ್ ಒಪ್ಪಿದಳು. ಉಸ್ಕುದಾರದಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಇಸ್ತಾಂಬುಲ್ಲಿನ ಈ ದಡದಿಂದ ಆ ದಡಕ್ಕೆ ಹೋಗುವ ಹಡಗಿನಲ್ಲಿ ಅಣ್ಣ ಚಹಾ ಮಾರುತ್ತಿದ್ದ. ನಲವತ್ತೇಳು ವರ್ಷ ಕನ್ನಡಿಯ ಗೊಡವೆಯಿಲ್ಲದೆ ಬದುಕಿದವನಿಗೆ ಈಗ ಬೋಳುತಲೆಯ ಚಿಂತೆ ಹತ್ತಿತು.

"ನೀನೇ ಕೂದಲು ನೆಡು, ಮುಅಲ್ಲಾ. ಜರ್ಮನಿಯಿಂದ ವಿಮಾನ ಹತ್ತಿ ಬರೋರಿಗೆ ನೆಡ್ತೀಯ. ದೋಣಿ ಹತ್ತಿ ಬರೋ ಅಣ್ಣ ಬೇಡ್ವಾ?" ಅಂದ.

ಕೂದಲು ನೆಡುವ ಕ್ಲಿನಿಕ್ಕಿನಲ್ಲಿ ನಾನು ಒಂಬತ್ತು ವರ್ಷದಿಂದ ಇದ್ದೆ. ಕಾಗದದಲ್ಲಿ ಬರೀ ಸಹಾಯಕಿ. ಡಾಕ್ಟರು ಬೆಳಿಗ್ಗೆ ಬಂದು ಹಣೆಯ ಮೇಲೆ ಗೆರೆ ಎಳೆದು, ಸಹಿ ಹಾಕಿ, ಇನ್ನೊಂದು ಕ್ಲಿನಿಕ್ಕಿಗೆ ಹೋಗಿಬಿಡುವರು. ಹಿಂದಲೆಯಿಂದ ಬೇರು ತೆಗೆಯುವುದು, ಮುಂದಲೆಯ ಚರ್ಮ ಸೀಳಿ ಅಲ್ಲಿ ಕೂರಿಸುವುದು, ಡಾಕ್ಟರೇ ಮಾಡಬೇಕಾದ್ದೆಲ್ಲ ನಮ್ಮದೇ.

ನೆಡುವ ದಿನ ಕ್ಲಿನಿಕ್ಕಿನ ಅರ್ಜಿಯಲ್ಲಿ, ಸಕ್ಕರೆ ಕಾಯಿಲೆ ಇದೆಯೇ ಎಂಬ ಕಡೆ ಅಣ್ಣ "ಇಲ್ಲ" ಎಂದು ಬರೆದ. ಇದೆಯೆಂದು ನನಗೆ ಗೊತ್ತಿತ್ತು. ಅವನು ನನ್ನ ಮುಖ ನೋಡಿ ಕಣ್ಣು ಮಿಟುಕಿಸಿದ. ನಾನು ಆ ಕಾಗದವನ್ನು ಹಾಗೇ ಫೈಲಿಗೆ ಸೇರಿಸಿದೆ.

ಕೆಲಸ ಶುರುವಾದ ನಾಲ್ಕನೇ ಗಂಟೆಗೆ ನೆತ್ತಿಯ ನಡುವೆ ಚರ್ಮ ನೇರಳೆಗೆ ತಿರುಗಿತು. ಒತ್ತಿ ಬಿಟ್ಟೆ. ಬಣ್ಣ ಬದಲಾಗಲಿಲ್ಲ. ಚಿಮುಟ ಕೆಳಗಿಟ್ಟೆ.

"ಇಲ್ಲಿಗೆ ಸಾಕು ಸಾಹೇಬ್ರೇ, ಇಲ್ಲಿ ರಕ್ತ ಓಡ್ತಿಲ್ಲ," ಎಂದೆ.

ಮಾಲೀಕ ರುಷ್ತು ಬಾಗಿಲಿನಿಂದಲೇ ನಕ್ಕ. "ಮದುಮಗನಿಗೆ ಅರ್ಧ ತಲೆ ನೆಟ್ಟು ಕಳಿಸ್ತೀಯೇನಮ್ಮಾ?"

"ಒತ್ತಾಗಿ ನೆಡೇ," ಅಂದ ಅಣ್ಣ, ಮಂಪರಿನಲ್ಲಿ. "ಮೆಲಾಹತ್ ಬೆರಳು ಆಡಿಸಿದ್ರೆ ಸಿಕ್ಕಿಕೊಳ್ಳಬೇಕು."

ನೆಟ್ಟೆ.

ಮೂರನೇ ದಿನ ತಲೆ ತೊಳೆಸಿಕೊಳ್ಳಲು ಬಂದ. ನೆತ್ತಿಯ ಮೇಲೆ ಕಪ್ಪು ಕಲೆ. ಹೆಪ್ಪುಗಟ್ಟಿದ ರಕ್ತ, ತೊಳೆದರೆ ಹೋಗುತ್ತೆ ಎಂದ ರುಷ್ತು. ತೊಳೆದೆ. ಹೋಗಲಿಲ್ಲ. ಮುಟ್ಟಿದರೆ ಅಷ್ಟು ಜಾಗ ಮಾತ್ರ ತಣ್ಣಗಿತ್ತು.

"ನೋಯುತ್ತಾ ಅಣ್ಣ?"

"ಒಂಚೂರೂ ಇಲ್ಲ. ಒಳ್ಳೇದೇ ಅಲ್ವಾ?"

ಒಳ್ಳೆಯದಲ್ಲ ಎಂದು ನನಗೆ ಗೊತ್ತಿತ್ತು. ಆದರೂ, ನಾಳೆ ನೋಡೋಣ ಅಂದೆ. ಆ ನಾಳೆಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಐದನೇ ದಿನ ಅವನ ಮನೆಗೆ ಹೋದೆ. ಬಾಗಿಲು ತೆರೆದಾಗ ಕೊಲೋನ್ ಘಮಘಮಿಸುತ್ತಿತ್ತು. ಅದರಡಿಯಲ್ಲಿ ಇನ್ನೊಂದು ವಾಸನೆ. ಅಣ್ಣನ ಹಲ್ಲು ಕಟಕಟ ಎನ್ನುತ್ತಿತ್ತು, ಮೈ ಕೆಂಡ. ಕಲೆ ಅಂಗೈಯಗಲ ಆಗಿತ್ತು. ಟ್ಯಾಕ್ಸಿ ಹಿಡಿದು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ.

ಅಲ್ಲಿನ ಡಾಕ್ಟರಮ್ಮ ಕಲೆಯನ್ನು ಒತ್ತಿ ನೋಡಿ, "ಚರ್ಮ ಸತ್ತಿದೆ. ಈಗಲೇ ಕತ್ತರಿಸಿ ತೆಗೀಬೇಕು. ನಂಜು ಎಷ್ಟು ಆಳಕ್ಕೆ ಇಳಿದಿದೆಯೋ ತೆಗೆದ ಮೇಲೇ ಗೊತ್ತಾಗೋದು," ಎಂದರು. ಆಮೇಲೆ ಪೆನ್ನು ತೆಗೆದರು. "ಯಾರು ಮಾಡಿದ್ದು ಇದನ್ನ?"

"ಕ್ಲಿನಿಕ್ಕಿನ ಡಾಕ್ಟರು," ಅಂದ ಅಣ್ಣ ಥಟ್ಟನೆ. ಚಾದರದ ಕೆಳಗೆ ನನ್ನ ಕೈಯನ್ನು ಬಿಗಿಯಾಗಿ ಅಮುಕಿದ.

"ನಾನು," ಅಂದೆ. ಹೆಸರು ಹೇಳಿದೆ, ತಂದೆಯ ಹೆಸರನ್ನೂ ಹೇಳಿದೆ. ಅವರು ತಲೆಯೆತ್ತದೆ ಬರೆದುಕೊಂಡರು.

"ಹುಚ್ಚಿ," ಅಂದ ಅಣ್ಣ. ಅವನನ್ನು ಒಳಗೆ ಒಯ್ದರು.

ಜೀವ ಉಳಿಯಿತು. ತೊಡೆಯ ಚರ್ಮ ತೆಗೆದು ನೆತ್ತಿಗೆ ಹೊಲಿದರು. ಗಾಯ ಒಣಗಲು ನಾಲ್ಕು ತಿಂಗಳು ಹಿಡಿಯಿತು. ಉಣ್ಣೆಯ ಟೊಪ್ಪಿ ಹಾಕಿಕೊಂಡೇ ಅವನು ಮದುವೆಯಾದ. ನನ್ನನ್ನು ಕರೆಯುವುದು ಬೇಡವೆಂದು ಮೆಲಾಹತ್ ಹೇಳಿದಳಂತೆ. ಹೇಳದೆ ಇರುತ್ತಾಳೆಯೇ? ನನ್ನ ಮೇಲಿನ ಕೇಸು ಇನ್ನೂ ನಡೆಯುತ್ತಿದೆ.

ಆ ಕ್ಲಿನಿಕ್ಕು ಹನ್ನೊಂದು ದಿನ ಮುಚ್ಚಿತ್ತು. ಈಗ ಬೇರೆ ಹೆಸರಿನ ಬೋರ್ಡು ಹಾಕಿ ತೆರೆದಿದೆ. ನನ್ನ ಜಾಗದಲ್ಲಿ ಕೂತಿರುವವಳು ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳಾಗಿಲ್ಲ. ಆಗಲೇ ದಿನಕ್ಕೆ ಮೂರು ತಲೆ ನೆಡುತ್ತಾಳಂತೆ.