ಚೌಕ ಕಂಸದೊಳಗೆ ಅರ್ಸೇನಿ

1.

ಎಲ್ಲಿಂದ ಶುರುಮಾಡಲಿ? ಜೈಲಿನಿಂದ ಶುರುಮಾಡಿದರೆ ನೀವು ಮರುಗುತ್ತೀರಿ, ಗ್ಯಾಸ್ ಪೈಪಿನಿಂದ ಶುರುಮಾಡಿದರೆ ಪುಟ ತಿರುವುತ್ತೀರಿ. ಹಾಗಾಗಿ ನನ್ನ ಮೇಜಿನಿಂದ. ಬ್ರಸೆಲ್ಸ್‌ನಲ್ಲಿ ಹತ್ತೊಂಬತ್ತು ವರ್ಷಗಳಿಂದ ನನ್ನದು ಒಂದೇ ಕೆಲಸ: ನಮ್ಮ ಒಕ್ಕೂಟದ ಇಪ್ಪತ್ತೇಳು ದೇಶಗಳ ಜಂಟಿ ಹೇಳಿಕೆಯ ಕರಡು ತಿದ್ದುವುದು. ಯಾರಾದರೂ ಒಪ್ಪದ ಮಾತನ್ನು ಚೌಕ ಕಂಸದಲ್ಲಿ ಇಡುತ್ತೇವೆ. [ಹೀಗೆ.] ಕೊನೆಗೂ ಒಪ್ಪಿಗೆ ಸಿಗದಿದ್ದರೆ ಕಂಸವನ್ನೂ ಒಳಗಿನ ಮಾತನ್ನೂ ನಾನೇ ಅಳಿಸುತ್ತೇನೆ. ಕಂಸ ತೆರೆದು ಮುಚ್ಚದೆ ಬಿಟ್ಟರೆ ಮಾತ್ರ ಕಂಪ್ಯೂಟರ್ ಕರಡನ್ನು ತಿರಸ್ಕರಿಸುತ್ತದೆ, ಸಭೆ ಮತ್ತೆ ಸೇರಬೇಕಾಗುತ್ತದೆ.

2.

[ಮೊದಲ ಕರಡಿನಲ್ಲಿ ಇಲ್ಲಿ ಹಿಮ ಸುರಿಯುತ್ತಿತ್ತು. ಕಿತ್ತುಹಾಕಿದೆ. ಆವತ್ತು ಬರೀ ಗಾಳಿ.]

ಕಚೇರಿಯ ಎದುರಿನ ಕೆಫೆಯಲ್ಲಿ ಕ್ಸೇನಿಯಾ ನನ್ನನ್ನು ಹಿಡಿದಳು. ಅವಳ ತಮ್ಮ ಅರ್ಸೇನಿ ಕೊಲ್ಚೂಗಿನ್ ಭೂಗೋಳದ ಮೇಷ್ಟ್ರು. ಯುದ್ಧ ಬೇಡವೆಂದು ತರಗತಿಯಲ್ಲಿ ಹೇಳಿದ್ದಕ್ಕೆ ರಷ್ಯಾದ ಜೈಲಿನಲ್ಲಿ ಏಳು ವರ್ಷ ಶಿಕ್ಷೆ. ಮೇಲೆ ಸಕ್ಕರೆ ಕಾಯಿಲೆ.

"ಹೋದ ವರ್ಷ ನಿಮ್ಮ ಹೇಳಿಕೇಲಿ ಅವನ ಹೆಸರು ಬಂತಲ್ಲ, ಮೂರನೇ ದಿನಕ್ಕೇ ಇನ್ಸುಲಿನ್ ಕೊಟ್ರು," ಅಂದಳು. "ಈಗ ಮತ್ತೆ ನಿಲ್ಸಿದಾರೆ. ಹೆಸರೊಂದು ಇರ್ಲಿ, ಯೊರಿಸ್. ಅಷ್ಟೇ ಸಾಕು."

"ನಾನು ಬರೀ ಗುಮಾಸ್ತ ಕಣಮ್ಮ."

"ಅಳಿಸೋನು ಗುಮಾಸ್ತನೇ ತಾನೆ?"

3.

ಹೇಳಿಕೆಯಲ್ಲಿ ಎರಡು ವಿಷಯ: ರಷ್ಯಾದ ಗ್ಯಾಸ್ ಕೊಳ್ಳುವುದನ್ನು ಬಿಡುವುದು, ಅಲ್ಲಿನ ಕೈದಿಗಳನ್ನು ಬಿಡಿಸುವುದು. 'ಒಗ್ಗಟ್ಟು' ಅನ್ನುವ ಪದ ನಾಲ್ಕು ನಿಮಿಷದಲ್ಲಿ ಪಾಸಾಯಿತು. ಅರ್ಸೇನಿಯ ಹೆಸರು ಬಂದಾಗ ಒಬ್ಬ ಪ್ರತಿನಿಧಿ [ಯಾವ ದೇಶವೆಂದು ಹೇಳಲಾರೆ, ಪಿಂಚಣಿ ಹತ್ತಿರವಿದೆ] ಕೆಮ್ಮಿದ.

"ನಮ್ಮಲ್ಲಿ ಗ್ಯಾಸ್ ಸಾಲ್ದೆ ಜನ ಸ್ವೆಟರ್ ಹಾಕ್ಕೊಂಡು ಮಲಗ್ತಿದಾರೆ. ಒಂದು ಹೆಸರಿಗೋಸ್ಕರ ರಷ್ಯಾದವರನ್ನ ಯಾಕ್ರೀ ಕೆಣಕ್ತೀರ?"

"ಹೆಸರು ತೆಗೆದ್ರೆ ಗ್ಯಾಸ್ ಬಿಡೋ ದಿನಾಂಕಕ್ಕೆ ಒಪ್ತೀರಾ?" ಅಧ್ಯಕ್ಷೆ ಹೆಡ್ವಿಗ್ ಕೇಳಿದಳು.

"ಈಗಲೇ ಒಪ್ತೀನಿ. 'ಎಲ್ಲ ಕೈದಿಗಳು' ಅಂತ ಹಾಕಿ. ಅದ್ರಲ್ಲಿ ಅವನೂ ಬಂದ್ನಲ್ಲ."

ಉಳಿದವರು ಫೋನು ನೋಡಿಕೊಂಡರು, ಹೆಸರು ಕಂಸದೊಳಗೆ ಹೋಯಿತು. 'ಎಲ್ಲ ಕೈದಿಗಳಿಗೆ' ಯಾವ ಜೈಲೂ ಇನ್ಸುಲಿನ್ ಕೊಡುವುದಿಲ್ಲ. ಒಬ್ಬನನ್ನು ಬಿಟ್ಟುಕೊಟ್ಟು ಒಂದಾಗುವುದಕ್ಕೆ ಇವರು ಒಗ್ಗಟ್ಟು ಎಂದು ಹೆಸರಿಟ್ಟರು, ನಾನು ಅದನ್ನು ಟೈಪ್ ಮಾಡಿದೆ. ನನಗೆ ಇನ್ನೂ ಮೈ ಉರಿಯುತ್ತದೆ. ಬಾಯಿ ಮಾತ್ರ ಆವತ್ತು ತೆರೆಯಲಿಲ್ಲ.

4. (ಅಂತ್ಯ, ಮೊದಲ ಆವೃತ್ತಿ)

ನಾನು ಕಂಸವನ್ನಷ್ಟೇ ಅಳಿಸಿ ಹೆಸರು ಉಳಿಸುತ್ತೇನೆ. ಹೇಳಿಕೆ ಹೊರಬೀಳುತ್ತದೆ. ನನ್ನ ಕೆಲಸ ಹೋಗುತ್ತದೆ, ಜೈಲಿಗೆ ಔಷಧಿ ಹೋಗುತ್ತದೆ.

ಇದನ್ನು ಕ್ಸೇನಿಯಾಗೆ ಓದಲು ಕೊಟ್ಟೆ. ಓದಿ ಕಾಗದ ನನ್ನ ಕಡೆಗೇ ತಳ್ಳಿದಳು.

"ನಿನ್ನ ಕಥೇಲಿ ನೀನು ತುಂಬಾ ಒಳ್ಳೆಯವನು ಬಿಡು. ಆವತ್ತು ಏನು ಮಾಡ್ದೆ, ಅದನ್ನ ಬರಿ."

6.

[ಐದನೆಯದರಲ್ಲಿ ನನ್ನ ಸಮರ್ಥನೆ ಇತ್ತು. ಅವಳೇ ಹರಿದಳು.]

ಆವತ್ತು ಹೆಸರನ್ನೂ ಕಂಸವನ್ನೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದೆ. "ಎಷ್ಟು ನೀಟಾಗಿದೆ ನೋಡಿ," ಎಂದು ಹೆಡ್ವಿಗ್ ಬೆನ್ನು ತಟ್ಟಿದಳು.

ಆಮೇಲೇನಾಯಿತು ಎಂದು ಕೇಳುತ್ತೀರಿ. ಕ್ಸೇನಿಯಾ ಜೈಲಿಗೆ ಬರೆದ ಮೂರು ಕಾಗದಕ್ಕೆ ಉತ್ತರವಿಲ್ಲ. ಅರ್ಸೇನಿಯನ್ನು ಇಲ್ಲಿ ಸಾಯಿಸುವ ಹಕ್ಕು ನನಗಿಲ್ಲ, ಬಿಡಿಸುವ ಹಕ್ಕಂತೂ ಮೊದಲೇ ಇಲ್ಲ.

"ಮುಗಿಸ್ಬೇಡ," ಅಂದಳು ಕ್ಸೇನಿಯಾ. "ಮುಗಿದ್ರೆ ಓದಿದವರು ಎದ್ದು ಹೋಗ್ತಾರೆ."

ತೆರೆದು ಮುಚ್ಚದೆ ಬಿಟ್ಟ ಒಂದು ಕಂಸ ಸಾಕಿತ್ತು, ಸಭೆ ಮತ್ತೆ ಸೇರುತ್ತಿತ್ತು. ಆವತ್ತು ಅದು ನೆನಪಾಗಲಿಲ್ಲ ಎಂದು ಅವಳಿಗೆ ಹೇಳಿದ್ದೆ. ಸುಳ್ಳು. ನೆನಪಿತ್ತು.

ಈಗ ಬರೆಯುತ್ತಿದ್ದೇನೆ:

[ಅರ್ಸೇನಿ ಕೊಲ್ಚೂಗಿನ್, ಭೂಗೋಳದ ಮೇಷ್ಟ್ರು, ಇನ್ಸುಲಿನ್ ಬೇಕು